ನಮ್ಮತ್ತೆಯ ವಿದೇಶಾಂಗ ಖಾತೆ

ದೆಹಲಿಯ ಪಾರ್ಲಿಮೆಂಟಿನಲ್ಲಿ ವಿದೇಶಾಂಗ ನೀತಿಯ ಚರ್ಚೆ ನಡೆದರೆ ಹರಿಹರದ ನಮ್ಮ ಮನೆಯಲ್ಲಿ ಅನ್ನ ಸೀಯುತ್ತಿತ್ತು ಎಂದರೆ ನೀವು ನಂಬುತ್ತೀರಾ? ನಂಬಲೇಬೇಕು, ಸೀದ ಪಾತ್ರೆ ತಿಕ್ಕಿದವಳು ನಾನು! ಆ ಖಾತೆ ನೋಡಿಕೊಳ್ಳಲು ದೆಹಲಿಯವರಿಗೆ ದೊಡ್ಡ ಕಚೇರಿ, ಕಾರ್ಯದರ್ಶಿಗಳು, ದೇಶಕ್ಕೊಬ್ಬ ರಾಯಭಾರಿ ಎಲ್ಲ ಇದ್ದರು. ನಮ್ಮತ್ತೆಗೆ ಇದ್ದದ್ದು ಶಾಲಾ ಮಾಸ್ತರರಾದ ನಮ್ಮ ಯಜಮಾನರು ಸಂಜೆ ಶಾಲೆಯಿಂದ ತರುತ್ತಿದ್ದ ಹಳೇ ಪತ್ರಿಕೆ, ಮತ್ತು ಅದನ್ನು ಓದಿ ಹೇಳಲು ನಾನು. ಆದರೂ ಆತಂಕಪಡುವುದರಲ್ಲಿ ಅವರು ದೆಹಲಿಗಿಂತ ಒಂದು ಕೈ ಮೇಲೆಯೇ ಇದ್ದರು.

ಮೊದಲು ಹೀಗಿರಲಿಲ್ಲ. ಕೊಂಡಜ್ಜಿಯಲ್ಲಿ ಹುಟ್ಟಿ ಹರಿಹರಕ್ಕೆ ಸೊಸೆಯಾಗಿ ಬಂದ ಅವರಿಗೆ ದಾವಣಗೆರೆಯೇ ಪರದೇಶ. ಅಲ್ಲಿ ಒಂದು ಮೆಣಸಿನಕಾಯಿ ಬಜ್ಜಿ ತಿಂದು ಬಂದರೂ "ಆ ಊರ ಎಣ್ಣಿ ನನಗೆ ಹಿಡಿಯಂಗಿಲ್ಲ" ಎಂದು ಎರಡು ದಿನ ಹೊಟ್ಟೆ ಹಿಡಿದುಕೊಂಡು ಓಡಾಡುತ್ತಿದ್ದರು. ಅಂಥವರ ಕಿರಿಯ ಮಗ, ನನ್ನ ಮೈದುನ ಬಸು, ಸೈನ್ಯ ಸೇರಿದ. ಸೇರಿದವನು ಸುಮ್ಮನೆ ಯಾವುದಾದರೂ ದಂಡಿನಲ್ಲಿ ಕವಾಯತು ಮಾಡಿಕೊಂಡು ಇರಬಾರದಿತ್ತೇ? ಅರವತ್ತರ ದಶಕ ಆಗಷ್ಟೇ ಶುರುವಾಗಿತ್ತು. ಒಂದು ದಿನ ಅವನ ಕಾಗದ ಬಂತು. ವಿಶ್ವಸಂಸ್ಥೆ ಕೇಳಿದೆಯಂತೆ, ನಮ್ಮ ದೇಶ ಒಪ್ಪಿದೆಯಂತೆ, ಶಾಂತಿ ಕಾಪಾಡಲು ಆಫ್ರಿಕದ ಕಾಂಗೋ ದೇಶಕ್ಕೆ ಇವನು ಹಡಗು ಹತ್ತುತ್ತಾನಂತೆ.

"ಶಾಂತಿ ಕಾಯಾಕೆ ಬಂದೂಕು ಯಾಕ ಬೇಕು?" ಎಂದು ಅತ್ತೆ ಕೇಳಿದರು. ನಮ್ಮ ಯಜಮಾನರು ಗೋಡೆಗೆ ಭೂಪಟ ತೂಗುಹಾಕಿ, ವಿಶ್ವಸಂಸ್ಥೆ ಹುಟ್ಟಿದ ದಿನದಿಂದ ಪಾಠ ಆರಂಭಿಸಿದರು. ಅತ್ತೆ ಅದನ್ನೆಲ್ಲ ಕೇಳಿಸಿಕೊಳ್ಳಲಿಲ್ಲ. ಹರಿಹರದ ಚುಕ್ಕೆಯ ಮೇಲೊಂದು ಬೆರಳು, ಕಾಂಗೋದ ಮೇಲೊಂದು ಬೆರಳು ಇಟ್ಟು, ನಡುವಿನ ನೀಲಿ ಬಣ್ಣವನ್ನು ನೋಡುತ್ತ ನಿಂತುಬಿಟ್ಟರು. ಅವತ್ತು ಮೊದಲನೇ ಸಲ ಅನ್ನ ಸೀದದ್ದು.

ಕೆಲವು ದಿನಗಳ ಮೇಲೆ ಪತ್ರಿಕೆಯಲ್ಲಿ ಸುದ್ದಿ ಬಂತು. ಪಾರ್ಲಿಮೆಂಟಿನಲ್ಲಿ ವಿದೇಶಾಂಗ ನೀತಿಯ ಚರ್ಚೆಯಾಗಿ, ಕಾಂಗೋಕ್ಕೆ ಸೈನ್ಯ ಕಳಿಸಿದ್ದೂ ಸೇರಿ ಸರ್ಕಾರ ಮಾಡಿದ್ದಕ್ಕೆಲ್ಲ ಸಭೆ ಒಪ್ಪಿಗೆ ಕೊಟ್ಟಿದೆ. ನಾನು ಓದಿ ಮುಗಿಸಿ ಪುಟ ತಿರುಗಿಸುವಷ್ಟರಲ್ಲಿ ಅತ್ತೆ ತಡೆದರು.

"ನಮ್ಮೋನು ಏನಂದ?"

ನಮ್ಮೋನು ಎಂದರೆ ನಮ್ಮ ಕಡೆಯಿಂದ ಗೆದ್ದು ಹೋಗಿದ್ದ ಸದಸ್ಯರು. ಆಗ ಒಬ್ಬೊಬ್ಬ ಅಭ್ಯರ್ಥಿಗೆ ಒಂದೊಂದು ಪೆಟ್ಟಿಗೆ ಇಡುತ್ತಿದ್ದ ಕಾಲ. ಅತ್ತೆ ಅವರ ಪೆಟ್ಟಿಗೆಗೆ ಚೀಟಿ ಹಾಕಿ, ಸರಿಯಾಗಿ ಒಳಗೆ ಬಿತ್ತೋ ಇಲ್ಲವೋ ಎಂದು ಪೆಟ್ಟಿಗೆ ತಟ್ಟಿ ನೋಡಿ, ಮತಗಟ್ಟೆಯ ಅಧಿಕಾರಿಯಿಂದ ಬೈಸಿಕೊಂಡು ಬಂದಿದ್ದರು. ಅಷ್ಟು ಮಾಡಿದ ಮೇಲೆ ಆ ಮನುಷ್ಯ ದೆಹಲಿಯಲ್ಲಿ ಏನಂದ ಎಂದು ಕೇಳುವ ಹಕ್ಕು ಇಲ್ಲವೇ?

"ಅದು ಗೊತ್ತಾಗಲ್ಲವ್ವಾ," ಎಂದರು ಯಜಮಾನರು. "ಹೌದು ಅನ್ನೋರು ಎಲ್ಲಾರೂ ಒಟ್ಟಿಗೆ ಹೌದು ಅಂತ ಕೂಗ್ತಾರೆ. ಅಲ್ಲ ಅನ್ನೋರು ಅಲ್ಲ ಅಂತ ಕೂಗ್ತಾರೆ. ಯಾವ ದನಿ ದೊಡ್ಡದೋ ಅದು ಗೆದ್ದಂಗೆ. ಯಾರಾದ್ರೂ ಪಟ್ಟು ಹಿಡಿದು ಎಣಿಸ್ರಿ ಅಂದ್ರೆ ಮಾತ್ರ ಹೆಸರು ಬರ್ಕಂತಾರೆ."

"ಅಂದ್ರೆ ನನ್ನ ಮಗನ್ನ ಕಳಿಸಿದ್ದು ಗದ್ದಲದಾಗಾ?"

ಯಜಮಾನರು ಚಪ್ಪಲಿ ಮೆಟ್ಟಿಕೊಂಡು ಹೊಳೆಯ ಕಡೆ ಗಾಳಿ ತೆಗೆದುಕೊಳ್ಳಲು ಹೊರಟುಹೋದರು. ವಿದ್ಯಾವಂತರಿಗೆ ಗಾಳಿ ಬೇಕಾಗುವುದು ಇಂಥ ಹೊತ್ತಿನಲ್ಲೇ.

ಮಾರನೆಯ ವಾರ ಹಪ್ಪಳ ಲಟ್ಟಿಸಲು ಓಣಿಯ ಹೆಂಗಸರು ನಮ್ಮ ಮನೆಗೆ ಬಂದಿದ್ದರು. ಅತ್ತೆ ಲಟ್ಟಣಿಗೆ ಎತ್ತಿ ಹಿಡಿದು ಸಭೆ ಕರೆದೇಬಿಟ್ಟರು. "ಓಣಿ ಬಾವಿ ಹೂಳು ತೆಗೀಬೇಕೋ ಬ್ಯಾಡೋ? ತೆಗೀಬೇಕು ಅನ್ನೋರು ಹೂಂ ಅನ್ರಿ."

"ಹೂಂ" ಎಂದು ಸಭೆ ಮೊಳಗಿತು. ಅತ್ತೆ ಒಬ್ಬೊಬ್ಬರನ್ನೇ ವಿಚಾರಣೆಗೆ ತೆಗೆದುಕೊಂಡರು. ಒಬ್ಬಾಕೆ ಎಲ್ಲರೂ ಅಂದರಲ್ಲ ಎಂದು ತಾನೂ ಅಂದಳಂತೆ. ಇನ್ನೊಬ್ಬಾಕೆಗೆ ಯಾವ ಬಾವಿ ಎನ್ನುವುದೇ ಗೊತ್ತಿಲ್ಲ. ಪಕ್ಕದ ಮನೆಯ, ಬಳೆ ವ್ಯಾಪಾರದ ಜುಬೇದಾಬಿ ಮಾತ್ರ ಸುಮ್ಮನೆ ತಲೆಯಾಡಿಸಿದ್ದರು.

"ನೀ ಯಾಕ ಹೂಂ ಅನ್ಲಿಲ್ಲ?"

ಆಕೆ ಎದ್ದು ಅಂಗಳಕ್ಕೆ ಹೋಗಿ ಉಗುಳಿ ಬಂದು ಹೇಳಿದರು, "ಬಾಯಾಗೆ ಎಲಿಅಡಿಕೆ ಇತ್ತಕ್ಕಾ."

ಅತ್ತೆಯ ಮುಖ ಬಿಳಿಚಿಕೊಂಡಿತು. ನಮ್ಮ ಸದಸ್ಯರ ಬಾಯಲ್ಲೂ ಎಲೆಅಡಿಕೆ ಇದ್ದಿದ್ದರೆ? ದಾವಣಗೆರೆಯಿಂದ ಯಾರೇ ಬರಲಿ, ಹತ್ತಿ ಗಿರಣಿಯ ಕೆಲಸದವರಾಗಲಿ, ಬೀಗರಾಗಲಿ, ನೀರು ಕೊಡುವ ಮೊದಲು ಅತ್ತೆ ಕೇಳುತ್ತಿದ್ದ ಪ್ರಶ್ನೆ ಒಂದೇ: "ನಮ್ಮ ಮೆಂಬರು ಎಲಿಅಡಿಕೆ ಹಾಕ್ತಾರೇನ್ರಿ?" ವಿದೇಶಾಂಗ ನೀತಿಯ ಬಗ್ಗೆ ಇಷ್ಟು ಆಳವಾದ ತನಿಖೆ ದೇಶದ ಬೇರಾವ ಊರಿನಲ್ಲೂ ನಡೆದಿರಲಾರದು!

ಕೊನೆಗೆ ದಾವಣಗೆರೆಯಲ್ಲಿ ಸದಸ್ಯರ ಬಹಿರಂಗ ಸಭೆ ಎಂದು ತಿಳಿದಾಗ ಅತ್ತೆ ನನ್ನನ್ನು ಎಳೆದುಕೊಂಡು ಬಸ್ಸು ಹತ್ತಿದರು. ಸದಸ್ಯರು ನಾಲೆಯ ನೀರಿನ ಬಗ್ಗೆ, ಹತ್ತಿಯ ಧಾರಣೆಯ ಬಗ್ಗೆ, ರಸ್ತೆಗಳ ಬಗ್ಗೆ ಮಾತನಾಡಿದರು. ಜನ ಚಪ್ಪಾಳೆ ತಟ್ಟಿದರು. ಅತ್ತೆ ಎದ್ದು ನಿಂತು, "ಕಾಂಗೋಕ್ಕೆ ಮಂದಿ ಕಳಿಸಿದಾಗ ನೀವು ಏನಂದ್ರಿ?" ಎಂದು ಕೇಳಿಯೇಬಿಟ್ಟರು. ಸ್ವಯಂಸೇವಕನೊಬ್ಬ ಓಡಿಬಂದ.

"ಅಮ್ಮಾ, ನಲ್ಲಿ, ಬೀದಿ ದೀಪ, ಇಂಥವು ಏನಾದ್ರೂ ಕೇಳ್ರಿ."

"ನಲ್ಲಿ ಬಂದ್ರೆ ನೀರು ಹಿಡೀತೀನಿ. ಅದನ್ನ ಕೇಳೋದೇನೈತೆ?"

ಅಷ್ಟರಲ್ಲಿ ಹಾರಗಳು ಬಂದವು, ವಂದನಾರ್ಪಣೆ ಮುಗಿಯಿತು, ಸದಸ್ಯರು ಕಾರಿನಲ್ಲಿ ಕೂತು ಕಾಣೆಯಾದರು. ಬರುವಾಗ ಬಸ್ಸಿನಲ್ಲಿ ಮುಖ ಎಲ್ಲಿ ಇಟ್ಟುಕೊಳ್ಳಲಿ ಎನ್ನುವಷ್ಟು ನಾಚಿಕೆ ನನಗೆ. ಅತ್ತೆ ಕಿಟಕಿಯ ಸರಳು ಹಿಡಿದುಕೊಂಡು ಶಾಮನೂರಿನ ಗದ್ದೆಗಳನ್ನು ನೋಡುತ್ತ ಕೂತಿದ್ದರು.

ನಗುವ ದಿನಗಳು ಅಲ್ಲಿಗೆ ಮುಗಿದವು. ಬಸುವಿನ ಕಾಗದ ನಿಂತುಹೋಯಿತು. ಒಂದು ಸಂಜೆಯ ಪತ್ರಿಕೆಯಲ್ಲಿ ಕಾಂಗೋದಲ್ಲಿ ನಮ್ಮ ಸೈನಿಕರು ಕೆಲವರು ಸತ್ತರೆಂದು ಬಂದಿತ್ತು. ಹೆಸರುಗಳಿರಲಿಲ್ಲ. ಯಜಮಾನರು ಅಡುಗೆಮನೆಗೆ ಬಂದು, "ಇದನ್ನ ಅವ್ವನ ಮುಂದೆ ಓದಬ್ಯಾಡ" ಎಂದು ಪಿಸುಗುಟ್ಟಿದರು. ನಾನು ಧೈರ್ಯ ತಂದುಕೊಂಡು ಅತ್ತೆಯ ಮುಂದೆ ಕೂತು ಹತ್ತಿಯ ಧಾರಣೆ ಓದತೊಡಗಿದೆ. ಅತ್ತೆ ಸ್ವಲ್ಪ ಹೊತ್ತು ಕೇಳಿ, ನನ್ನ ಕೈಯಿಂದ ಪತ್ರಿಕೆ ತೆಗೆದು ಮಡಿಸಿಟ್ಟರು.

"ಹತ್ತಿ ಧಾರಣಿ ಓದೋವಾಗ ಯಾರಾದ್ರೂ ಅಳ್ತಾರೇನವ್ವಾ?"

ಅಂದಿನಿಂದ ನಮ್ಮ ಮನೆಯಲ್ಲಿ ಅಂಚೆಯವನ ಸೈಕಲ್ ಗಂಟೆ ಕೇಳಿದರೆ ಎಲ್ಲರ ಕೈಯ ಕೆಲಸ ನಿಲ್ಲುತ್ತಿತ್ತು. ಅವನು ಮುಂದಿನ ಮನೆಗೆ ಹೋದರೆ ಬೇಸರವೂ ಆಗುತ್ತಿತ್ತು, ಬದುಕಿದೆವು ಎಂದೂ ಅನ್ನಿಸುತ್ತಿತ್ತು. ಅತ್ತೆ ಊಟ ಬಿಟ್ಟರೂ ಸದಸ್ಯರನ್ನು ಮಾತ್ರ ಬಿಡಲಿಲ್ಲ. "ಅವರು ಏನಂದ್ರು ಅನ್ನೋದು ನನಗೆ ಗೊತ್ತಾಗಬೇಕು" ಎನ್ನುತ್ತಿದ್ದರು. ಗೊತ್ತಾದರೆ ಏನು ಮಾಡುತ್ತಾರೆ? ಕೊರಳಪಟ್ಟಿ ಹಿಡಿಯುತ್ತಾರೋ, ಮಣ್ಣು ತೂರಿ ಶಾಪ ಹಾಕುತ್ತಾರೋ ಎಂದು ನನಗೆ ಒಳಗೊಳಗೇ ಪುಕಪುಕ.

ದೊಡ್ಡವರನ್ನು ಹಿಡಿಯಬೇಕಾದರೆ ಸಭೆಗೆ ಹೋಗಬಾರದು, ರೈಲ್ವೆ ಗೇಟಿಗೆ ಹೋಗಬೇಕು. ಇದು ಅತ್ತೆ ತಾವೇ ಕಂಡುಕೊಂಡ ಸತ್ಯ. ಸದಸ್ಯರು ಹರಿಹರದಲ್ಲಿ ಮದುವೆಯೊಂದಕ್ಕೆ ಬಂದಿದ್ದ ದಿನ ನಾವಿಬ್ಬರೂ ಗೇಟಿನ ಪಕ್ಕದ ಬೇವಿನ ಮರದ ಕೆಳಗೆ ಕಾದು ಕೂತೆವು. ಮಧ್ಯಾಹ್ನ ಗೂಡ್ಸ್ ಗಾಡಿಗೆ ಗೇಟು ಬಿತ್ತು. ಅವರ ಕಾರು ಬಂದು ನಿಂತಿತು. ಅತ್ತೆ ಸೆರಗು ಬಿಗಿದು ಕಿಟಕಿಯ ಹತ್ತಿರ ಹೋದರು. ಡ್ರೈವರ್ ಕೈ ಅಡ್ಡ ಹಿಡಿದ. ಅತ್ತೆ ಆ ಕೈಯನ್ನು ಬಾಗಿಲ ಪರದೆ ಸರಿಸಿದ ಹಾಗೆ ಸರಿಸಿದರು.

"ಸ್ವಾಮೀ, ನನ್ನ ಮಗ ಕಾಂಗೋದಾಗೆ ಅದಾನೆ. ಕಾಗದ ಬಂದಿಲ್ಲ. ಕಳಿಸಿದ್ದು ಸರಿ ಅಂತ ದಿಲ್ಲಿಯಾಗೆ ಎಲ್ಲಾರೂ ಕೂಗಿದಾಗ ನೀವು ಏನಂದ್ರಿ?"

ಸದಸ್ಯರು ಕಾರಿನಿಂದ ಇಳಿದು ರಸ್ತೆಯಲ್ಲಿ ನಿಂತರು. ಹತ್ತಿರದಿಂದ ನೋಡಿದರೆ ಅವರೂ ವಯಸ್ಸಾದ, ಬೆವರಿದ ಒಬ್ಬ ಮನುಷ್ಯ.

"ಹೂಂ ಅಂದೆ, ತಾಯಿ. ಸುಳ್ಳು ಹೇಳಲ್ಲ. ಅಲ್ಲಿ ಜನ ಹೊಡೆದಾಡಿ ಸಾಯ್ತಿದ್ರು, ಯಾರಾದ್ರೂ ಹೋಗಿ ನಡುವೆ ನಿಲ್ಲಬೇಕಿತ್ತು. ಅದಕ್ಕೆ ಹೂಂ ಅಂದೆ."

"ಮಂದಿ ಅಂದ್ರು ಅಂತ ಅಂದ್ರೋ, ತಿಳಿದು ಅಂದ್ರೋ?"

"ತಿಳಿದೇ ಅಂದೆ."

ನಾನು ಅತ್ತೆಯ ತೋಳು ಹಿಡಿದುಕೊಂಡೆ. ಆದರೆ ಅವರ ತೋಳಿನಲ್ಲಿ ಸಿಟ್ಟಿನ ಬಿಗಿ ಇರಲಿಲ್ಲ. ಎಷ್ಟೋ ದಿನಗಳಿಂದ ಹೊತ್ತ ಕೊಡವನ್ನು ಕೆಳಗಿಟ್ಟವರ ಹಾಗೆ ಅವರು ಉಸಿರು ಬಿಟ್ಟರು.

"ಅವ ದಂಡಿಗೆ ಸೇರ್ಲಾ ಅಂತ ಕೇಳಿದಾಗ ಮನ್ಯಾಗೆ ಎಲ್ಲಾರೂ ಬ್ಯಾಡ ಅಂದ್ರು. ಹೂಂ ಅಂದೋಳು ನಾನೊಬ್ಬಾಕೀನೇ. ಅವನಿಗೆ ಏನಾರ ಆದ್ರೆ ಅದು ನನ್ನೊಬ್ಬಾಕಿ ಮಾತಿನಿಂದ ಅಂತ ಇಷ್ಟು ದಿನ ಕಣ್ಣು ಮುಚ್ಚಿಲ್ಲ. ಈಗ ನೀವೂ ಅಂದೀರಿ ಅಂತ ಗೊತ್ತಾತು. ಅವ ಬರೋತನಕ ನನ್ನ ಜೋಡಿ ನೀವೂ ಕಾಯ್ರಿ."

ಗಾಡಿ ಹೋಯಿತು, ಗೇಟು ಎದ್ದಿತು. ಹಿಂದಿನ ಲಾರಿಗಳು ಹಾರನ್ ಬಾರಿಸಿದವು. ಸದಸ್ಯರು ಕೈಮುಗಿದು, "ಕಾಯ್ತೀನಿ ತಾಯಿ" ಎಂದರು. ಕಣ್ಣೀರಿನಲ್ಲಿ ನನಗೆ ಏನೂ ಕಾಣಿಸಲಿಲ್ಲ. ಇಷ್ಟು ದಿನ ಒಂದೇ ಮನೆಯಲ್ಲಿದ್ದು, ಅತ್ತೆಯ ಮಗ್ಗುಲಲ್ಲೇ ಕೂತು ಎದ್ದು, ನಾನು ಬರೀ ಸೀದ ಅನ್ನವನ್ನೇ ನೋಡಿದ್ದೆನಲ್ಲ.

ಆಮೇಲೆ ಒಂದೆರಡು ಸಲ ಸದಸ್ಯರ ಕಾರು ನಮ್ಮ ಓಣಿಯ ಬಾಯಲ್ಲಿ ನಿಂತದ್ದುಂಟು. "ಕಾಗದ ಬಂತೇನಮ್ಮಾ?" ಎಂದು ಕೇಳುತ್ತಿದ್ದರು. ಇಲ್ಲವೆಂದರೆ ಸಮಾಧಾನದ ಮಾತೇನೂ ಆಡದೆ, ಅಂಗಳದ ಕಲ್ಲಿನ ಮೇಲೆ ಸ್ವಲ್ಪ ಹೊತ್ತು ಕೂತು ಎದ್ದು ಹೋಗುತ್ತಿದ್ದರು.

ಮಳೆಗಾಲ ಮುಗಿದ ಮೇಲೆ, ಒಂದು ಬೆಳಿಗ್ಗೆ, ಬಸುವೇ ಬಂದ. ಕರ್ರಗೆ ಸೊರಗಿ, ಭುಜದ ಮೇಲೆ ಟ್ರಂಕು ಹೊತ್ತುಕೊಂಡು ಬಾಗಿಲಲ್ಲಿ ನಿಂತಿದ್ದ. ಅತ್ತೆ ಅವನ ಮುಖ, ಕೈ, ಬೆನ್ನು ಎಲ್ಲ ಮುಟ್ಟಿ ನೋಡಿದರು. ಅವನು ಇನ್ನೂ ಬೂಟಿನ ದಾರ ಬಿಚ್ಚುತ್ತಿದ್ದಾಗಲೇ ನನ್ನನ್ನು ಅಂಚೆ ಕಚೇರಿಗೆ ಹೊರಡಿಸಿದರು. ದೆಹಲಿಯಲ್ಲಿದ್ದ ಸದಸ್ಯರಿಗೆ ತಂತಿ ಕೊಡಬೇಕು. ಏನಂತ ಬರೆಯಲಿ ಎಂದು ಕೇಳಿದ್ದಕ್ಕೆ, ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತ ಅತ್ತೆ ಹೇಳಿದರು:

"ಬಸು ಬಂದ. ನೀವಿನ್ನು ನಿದ್ದಿ ಮಾಡ್ರಿ."