ಕೋರ್ಟಿಗೆ ಹೋದ ಬಸ್ಸಾರು

ಬೆಂಗಳೂರಿನಲ್ಲಿ ಕೋರ್ಟಿಗೆ ದಾಖಲೆ ಒಯ್ಯುವವರು ಬೇಕಾದಷ್ಟು ಮಂದಿ ಇರಬಹುದು. ಬಸ್ಸಾರು ಒಯ್ದವರು ಮಾತ್ರ ನಮ್ಮ ಸೋದರತ್ತೆ ಒಬ್ಬರೇ!

ಬ್ಯಾಟರಾಯನಪುರದ ಹಳೆಯ ಒಕ್ಕಲು ಮನೆಯ ಹೆಂಗಸು. ಹೊಲವೆಲ್ಲ ಅಪಾರ್ಟ್‌ಮೆಂಟಾದ ಮೇಲೂ ಲಿಫ್ಟಿನಲ್ಲಿ ನಿಂತು ಅಕ್ಕಪಕ್ಕದವರನ್ನು ಮಳೆ ಬೆಳೆ ವಿಚಾರಿಸುವವರು. ಜಗಳವೆಂದರೆ ಅವರಿಗೆ ಹಬ್ಬ. ತರಕಾರಿ ಗಾಡಿಯವನು ಅವರ ಬೀದಿಗೆ ತಿರುಗುವ ಮುಂಚೆ ತನ್ನ ತಕ್ಕಡಿಯನ್ನು ತಾನೇ ಅನುಮಾನದಿಂದ ನೋಡಿಕೊಳ್ಳುತ್ತಿದ್ದ!

ಇಂಥವರ ಕಾಲುಗುರಿಗೆ ಫಂಗಸ್ ಹಿಡಿಯಿತು. ಡಾಕ್ಟರು ಮಾತ್ರೆ ಬರೆದುಕೊಟ್ಟರು. ಉಗುರು ನೆಟ್ಟಗಾಯಿತು, ನಾಲಗೆಯ ರುಚಿ ಹೊರಟುಹೋಯಿತು! ಮಾತ್ರೆ ನಿಲ್ಲಿಸಿದರೂ ಮರಳಲಿಲ್ಲ. ನಮಗೆ ಗೊತ್ತಾಗಿದ್ದು ಹೇಗೆ ಅಂತೀರಾ? ಒಂದು ಭಾನುವಾರ ಅತ್ತೆ ಮಾಡಿದ ಸಾರು ಬಾಯಿಗಿಟ್ಟ ಮಾವ ಊಟದ ನಡುವೆಯೇ ಎದ್ದುಹೋಗಿ ನಲ್ಲಿಗೆ ಬಾಯಿ ಕೊಟ್ಟಾಗ!

ಆ ಮಾತ್ರೆಯಿಂದ ರುಚಿ ಹೋಗಬಹುದೆಂದು ಕಂಪನಿಗೆ ಮೊದಲೇ ಗೊತ್ತಿತ್ತಂತೆ. ಡಬ್ಬಿಯ ಮೇಲೆ ಮಾತ್ರ ಒಂದಕ್ಷರವಿಲ್ಲ. ಅತ್ತೆ ಗ್ರಾಹಕರ ನ್ಯಾಯಾಲಯಕ್ಕೆ ದೂರು ಕೊಟ್ಟರು. ವಕೀಲರು ಬೇಡವಂತೆ, ತಾವೇ ವಾದಿಸುತ್ತಾರಂತೆ! ಮಾತ್ರೆಯಿಂದಲೇ ರುಚಿ ಹೋಯಿತೆಂಬ ಡಾಕ್ಟರ ಪತ್ರ ತೋರಿಸಿದರೆ ಕಂಪನಿಯ ವಕೀಲರು, "ವಯಸ್ಸಾದ್ಮೇಲೆ ಹೀಗಾಗೋದು ಸಹಜ. ರುಚಿ ಹೋಗಿದೆ ಅನ್ನೋದಕ್ಕಾದ್ರೂ ಏನಮ್ಮ ಸಾಕ್ಷಿ?" ಅಂದರು.

ಮುಂದಿನ ವಿಚಾರಣೆಯ ದಿನ ಅತ್ತೆ ಚೀಲದಿಂದ ಸ್ಟೀಲ್ ಡಬ್ಬಿ ತೆಗೆದು ಆ ವಕೀಲರ ಮುಂದೆ ಹಿಡಿದರು.

"ನಾನೇ ಮಾಡಿದ್ ಬಸ್ಸಾರು ಸಾಮಿ. ನಂಗೇನೂ ಗೊತ್ತಾಗ್ತಿಲ್ಲ. ನೀವೇ ಒಂದ್ ಗುಟುಕು ನೋಡ್ರಿ."

"ಇದೆಲ್ಲಾ ಸಾಕ್ಷಿ ಆಗಲ್ಲಮ್ಮ!"

"ಯಾಕ್ ಎದರ್ಕೊಂತೀರಾ? ನಿಮ್ ಮಾತ್ರೇನ ನಾನು ನಂಬಿ ನುಂಗ್ಲಿಲ್ವಾ?"

ಕೂತವರೆಲ್ಲ ನಕ್ಕರು. ಮರ್ಯಾದೆಗೆ ಕಟ್ಟುಬಿದ್ದು ವಕೀಲರು ಕುಡಿದರು. ಮರುಕ್ಷಣ ತೀರ್ಪು ಕೊಡಬೇಕಾದ ಅಧ್ಯಕ್ಷರ ಮೇಜಿನ ಮೇಲಿದ್ದ ನೀರಿನ ಬಾಟಲಿಗೇ ಕೈ ಹಾಕಿಬಿಟ್ಟರು! ಅಧ್ಯಕ್ಷರು "ಸಾರು ದಾಖಲೆಗೆ ಬರೋದಿಲ್ಲ" ಎಂದು ಗಂಭೀರವಾಗಿ ಹೇಳಿ, ಫೈಲಿನ ಹಿಂದೆ ಮುಖ ಮರೆಸಿಕೊಂಡರು.

ಕೊನೆಗೆ ಅತ್ತೆಯೇ ಗೆದ್ದರು. ಪರಿಹಾರ ಕೊಡಬೇಕು, ಡಬ್ಬಿಯ ಮೇಲೆ ಎಚ್ಚರಿಕೆ ಅಚ್ಚು ಹಾಕಬೇಕು ಎಂದು ಆದೇಶವಾಯಿತು. ಗೆಲ್ಲಿಸಿದ್ದು ಡಾಕ್ಟರ ಪತ್ರ ಎಂದು ನಾನಂದರೆ, ಬಸ್ಸಾರು ಎಂದು ಅವರು ಈಗಲೂ ಜಗಳಕ್ಕೆ ಬರುತ್ತಾರೆ.

ಆದೇಶ ಬಂದ ದಿನ ಸಂಜೆ ಮಾವಿನಹಣ್ಣು ಹಿಡಿದು ಅವರ ಮನೆಗೆ ಹೋದೆ. ಬಾಗಿಲು ದಾಟಿದ ಮೇಲೆ, ತರಬಾರದಿತ್ತೇನೋ ಅನ್ನಿಸಿತು. ಅತ್ತೆ ಹೆಚ್ಚಿದರು. ತಾವೊಂದು ಹೋಳು ಬಾಯಿಗಿಟ್ಟು ಸುಮ್ಮನೆ ಅಗಿದರು. ನನಗೊಂದು ಕೊಟ್ಟರು.

"ಎಂಗೈತೆ ಮಗಾ?"

"ಮೊದ್ಲು ಒಂಚೂರು ಹುಳಿ ಅತ್ತೆ... ಆಮೇಲೆ ಗಂಟಲವರೆಗೂ ಸಿಹಿ."

ಅವರು ಕಣ್ಣು ಮುಚ್ಚಿಕೊಂಡರು. ಇನ್ನೊಂದು ಹೋಳನ್ನು ತಡಕಿ ನನ್ನ ಕೈಗಿಟ್ಟರು.

"ನಿಧಾನಕ್ಕೆ ತಿನ್ನು," ಎಂದರು. "ತಿಂತಾ ಯೋಳ್ತಾ ಇರು."