ನಾನು ಫ್ಲಾಸ್ಕ್ ಅಲ್ಲಾಡಿಸುವವಳು

ಕೆಲವರಿಗೆ ಕುಳಿತಲ್ಲಿ ಕಾಲು ಸುಮ್ಮನಿರುವುದಿಲ್ಲ, ಕೆಲವರಿಗೆ ನಾಲಿಗೆ. ನನಗೆ ಬಲಗೈ. ಕೈಗೊಂದು ಲೋಟ ಸಿಕ್ಕಿದರೆ ಸಾಕು, ಮಣಿಕಟ್ಟು ತನ್ನಷ್ಟಕ್ಕೆ ತಿರುಗತೊಡಗುತ್ತದೆ. ಮದುವೆ ಮನೆಯ ಶರಬತ್ತಾಗಲಿ, ಜ್ವರದ ಕಷಾಯವಾಗಲಿ, ಯಾವುದಕ್ಕೂ ವಿನಾಯಿತಿ ಇಲ್ಲ. "ಸಾಕು ಮಾರಾಯ್ತಿ, ಚಹಾಕ್ಕೆ ತಲೆ ತಿರುಗ್ತದೆ" ಎಂದು ಅಜ್ಜಿ ಗದರುತ್ತಾಳೆ. ನನಗೆ ಮಾತು ಕಲಿಸಿದ್ದು ಅಜ್ಜಿ. ಈ ಚಟ ಕಲಿಸಿದ್ದು ಮಾತ್ರ ವಿಜ್ಞಾನ.

ಬಿಎಸ್ಸಿ ಮೊದಲ ವರ್ಷವನ್ನು ನಾನು ಓದಿದ್ದು ನಮ್ಮ ಪುಂಜಾಲಕಟ್ಟೆಯ ಆಸುಪಾಸಿನ ಒಂದು ಸಣ್ಣ ಕಾಲೇಜಿನಲ್ಲಿ. ಅಲ್ಲಿ ಕೆಮಿಸ್ಟ್ರಿ ಲ್ಯಾಬಿನಲ್ಲಿ ಒಂದು ಬ್ಯುರೆಟ್ಟಿಗೆ ಮೂವರು. ಬ್ಯುರೆಟ್ಟೆಂದರೆ ಸ್ಟ್ಯಾಂಡಿಗೆ ಸಿಕ್ಕಿಸಿದ ಉದ್ದದ ಗಾಜಿನ ಕೊಳವೆ. ಒಬ್ಬರು ಅದರ ನಲ್ಲಿ ತಿರುಗಿಸಿ ದ್ರಾವಣವನ್ನು ಹನಿಹನಿಯಾಗಿ ಬಿಡಬೇಕು, ಒಬ್ಬರು ಕೆಳಗೆ ಫ್ಲಾಸ್ಕ್ ಎಂಬ ಗಾಜಿನ ಬುಡ್ಡಿ ಹಿಡಿದು ಅಲ್ಲಾಡಿಸುತ್ತಿರಬೇಕು, ತೆಳು ಗುಲಾಬಿ ಬಣ್ಣ ಬಂದ ಕೂಡಲೇ ನಲ್ಲಿ ನಿಲ್ಲಿಸಬೇಕು, ಆಗ ಕೊಳವೆಯಲ್ಲಿ ಎಷ್ಟು ಇಳಿದಿದೆಯೆಂದು ಇನ್ನೊಬ್ಬರು ಬಗ್ಗಿ ಓದಬೇಕು. ಮೊದಲ ದಿನ ಯಾರು ಎಲ್ಲಿ ನಿಂತರೋ ವರ್ಷವಿಡೀ ಅಲ್ಲೇ. ಮದುವೆಯ ಊಟದಲ್ಲಿ ಅನ್ನ ಬಡಿಸುವವ ಸಾರಿನ ಬಕೆಟ್ ಮುಟ್ಟುವುದಿಲ್ಲವಲ್ಲ, ಹಾಗೆ. ಸಫಿಯಾ ನಲ್ಲಿ, ಯಶೋದಾ ಓದು, ನಾನು ಫ್ಲಾಸ್ಕ್. ನಮ್ಮ ಉತ್ತರ ಯಾವತ್ತೂ ತಪ್ಪಲಿಲ್ಲ. ನಾವು ಮೂವರೂ ವಿಜ್ಞಾನಿಗಳೆಂದೇ ನಾನು ನಂಬಿದ್ದೆ.

ಆ ನಂಬಿಕೆಯಲ್ಲೇ ನಾನೂ ಸಫಿಯಾಳೂ ಎರಡನೆಯ ವರ್ಷಕ್ಕೆ ಮೂಡುಬಿದಿರೆ ಕಡೆಯ ವಿಶ್ವವಿದ್ಯಾಲಯಕ್ಕೆ ವರ್ಗವಾಗಲು ಹೊರಟೆವು. ಯಶೋದಾ ಬರಲಿಲ್ಲ. ವೇಣೂರಿನ ತಿರುವುಗಳಲ್ಲಿ ಅವಳಿಗೆ ಬಸ್ಸಿನಲ್ಲಿ ವಾಂತಿ. ವಿಶ್ವವಿದ್ಯಾಲಯದವರು ಹೇಳಿದ್ದು ಇಷ್ಟೇ: ಪ್ರಯೋಗ ಮಾಡಿ ತೋರಿಸಿ, ಸರಿಯಾದರೆ ಎರಡನೆಯ ವರ್ಷ, ಇಲ್ಲವಾದರೆ ಪುನಃ ಮೊದಲನೆಯ ವರ್ಷ. ನನ್ನ ಅಪ್ಪನೋ, ಆಟೋ ಓಡಿಸುವವರು. ಆಟೋ ಹತ್ತಿದವರಿಗೆಲ್ಲ, ಅವರು ಕೇಳಲಿ ಬಿಡಲಿ, "ಮಗಳು ಯುನಿವರ್ಸಿಟಿ, ಸೀದಾ ಸೆಕೆಂಡ್ ಇಯರ್" ಎಂದು ಆಗಲೇ ಹೇಳಿಯಾಗಿತ್ತು.

ಅಲ್ಲಿನ ಲ್ಯಾಬಿನಲ್ಲಿ ತಲೆಗೊಂದು ಬ್ಯುರೆಟ್. ನಾನೊಂದರ ಮುಂದೆ, ಸಫಿಯಾ ಪಕ್ಕದ್ದರ ಮುಂದೆ ನಿಂತೆವು. ಬಲಗೈ ಫ್ಲಾಸ್ಕನ್ನು ಹಿಡಿದು ಚಂದ ತಿರುಗಿತು. ಎಡಗೈ ಮಾತ್ರ ನಲ್ಲಿಯನ್ನು ಬಚ್ಚಲಿನ ನಲ್ಲಿಯಂತೆ ಪೂರ್ತಿ ತಿರುಗಿಸಿಬಿಟ್ಟಿತು. ಫ್ಲಾಸ್ಕಿನಲ್ಲಿ ಬೀಟ್ರೂಟ್ ಸಾರು! ಪಕ್ಕದಲ್ಲಿ ಸಫಿಯಾ ಮುತ್ತು ಪೋಣಿಸಿದಂತೆ ಹನಿ ಬಿಡುತ್ತಿದ್ದಳು. ಅವಳ ಫ್ಲಾಸ್ಕ್ ಮಾತ್ರ ಮೇಜಿನ ಮೇಲೆ ಧ್ಯಾನಕ್ಕೆ ಕುಳಿತಿತ್ತು.

ಲ್ಯಾಬಿನ ಮೇಡಂ ಬಂದು ಎರಡನ್ನೂ ನೋಡಿದರು. "ಒಂದು ವರ್ಷ ನೀವು ಏನು ಮಾಡಿದ್ದು?"

"ನಾನು ಅಲ್ಲಾಡಿಸಿದ್ದು, ಮೇಡಂ."

"ನೀನು?"

"ನಲ್ಲಿ, ಮೇಡಂ" ಎಂದಳು ಸಫಿಯಾ.

ಮೇಡಂ ಕನ್ನಡಕ ತೆಗೆದು ಒರೆಸಿದರು. "ಇಬ್ಬರನ್ನು ಸೇರಿಸಿದರೆ ಒಬ್ಬಳು ವಿದ್ಯಾರ್ಥಿನಿ ಆಗ್ತಾಳೆ. ಮುಂದಿನ ವಾರ ಬನ್ನಿ. ಬರುವಾಗ ಇಬ್ಬರಾಗಿ ಬನ್ನಿ."

ಆ ವಾರ ನಾನು ಕುಳಿತಲ್ಲಿ ಕೂರಲಿಲ್ಲ. ಅಪ್ಪ ಆಟೋದ ಹಾರನ್ ಹೊಡೆದರೂ ಯಾರಿಗೋ ನನ್ನ ಸುದ್ದಿ ಹೇಳುತ್ತಿದ್ದಾರೆಂದೇ ಅನಿಸುತ್ತಿತ್ತು. ದಿನವೂ ಸಫಿಯಾಳ ಮನೆಗೆ ಓಡಿ, ಅಡುಗೆಮನೆಯ ಫಿಲ್ಟರಿನ ನಲ್ಲಿಯ ಕೆಳಗೆ ಸ್ಟೀಲ್ ಲೋಟ ಹಿಡಿದು ಅಭ್ಯಾಸ. ಅವಳು ನನಗೆ ಹನಿ ಬಿಡುವುದನ್ನು, ನಾನು ಅವಳಿಗೆ ಮಣಿಕಟ್ಟು ತಿರುಗಿಸುವುದನ್ನು ಕಲಿಸುವುದು. ಅವಳ ಉಮ್ಮ ಬಾಗಿಲಲ್ಲಿ ನಿಂತು, "ಬಾಯಾರಿ ಬಂದವರು ನಿಮ್ಮ ಈ ಹನಿ ಲೆಕ್ಕದಲ್ಲಿ ಸತ್ತೇ ಹೋಗ್ತಾರೆ ಮಕ್ಕಳೇ, ಸ್ವಲ್ಪ ಆಚೆ ಹೋಗಿ" ಎನ್ನುತ್ತಿದ್ದರು.

ಮುಂದಿನ ವಾರ ಇಬ್ಬರಾಗಿಯೇ ಹೋದೆವು. ಎಡಗೈ ಹನಿ ಬಿಟ್ಟಿತು, ಬಲಗೈ ತಿರುಗಿತು. ಕೊನೆಯ ಹನಿಗೆ ಫ್ಲಾಸ್ಕಿನಲ್ಲಿ ಎಳೆ ಮಗುವಿನ ಉಗುರಿನಷ್ಟು ತೆಳುವಾದ ಗುಲಾಬಿ. ಸಫಿಯಾಳದ್ದೂ ಹಾಗೆಯೇ. ಮೇಡಂ ಮುಖ ಅರಳಿತು. "ಚಂದ ಬಂದಿದೆ. ರೀಡಿಂಗ್ ಎಷ್ಟು?"

ನಾವಿಬ್ಬರೂ ಒಟ್ಟಿಗೆ ಎಡಕ್ಕೆ ತಿರುಗಿದೆವು. ಯಶೋದಾ ಯಾವಾಗಲೂ ನಿಲ್ಲುತ್ತಿದ್ದದ್ದು ಎಡಕ್ಕೆ.

ಅಲ್ಲಿ ಗೋಡೆ ಇತ್ತು. ನಾನೇ ಬಗ್ಗಿ, ಹಾಲಿನ ಅಳತೆ ನೋಡುವ ಹಾಗೆ ಕೆಳಗಿನಿಂದ ಮೇಲಕ್ಕೆ ಎಣಿಸಿ ಒಂದು ಸಂಖ್ಯೆ ಹೇಳಿದೆ. "ಬ್ಯುರೆಟ್ಟಿನಲ್ಲಿ ಸೊನ್ನೆ ಮೇಲೆ ಉಂಟಮ್ಮಾ" ಎಂದು ಮೇಡಂ ನಿಧಾನವಾಗಿ ಹೇಳಿದರು. ಆಮೇಲೆ ಏನೋ ಹೊಳೆದಂತೆ, "ಮೂರನೆಯವಳು ಎಲ್ಲಿ?"

"ಅವಳಿಗೆ ಬಸ್ಸಿನಲ್ಲಿ ವಾಂತಿ, ಮೇಡಂ."

ಮೇಡಂ ಕಿಟಕಿಯ ಕಡೆ ತಿರುಗಿ ನಿಂತರು. ಅವರ ಭುಜ ಅಲ್ಲಾಡುತ್ತಿತ್ತು. ಎರಡನೆಯ ವರ್ಷಕ್ಕೆ ಸೇರಿಸಿಕೊಂಡರು. ಆದರೆ ರೀಡಿಂಗ್ ಓದಲು ಬರುವವರೆಗೆ ಶನಿವಾರ ಮೊದಲ ವರ್ಷದ ಮಕ್ಕಳೊಟ್ಟಿಗೆ ಲ್ಯಾಬಿಗೆ ಬರಬೇಕೆಂಬ ಷರತ್ತಿನ ಮೇಲೆ. ಅಪ್ಪ ಶನಿವಾರದ ವಿಷಯವನ್ನು ಆಟೋದಲ್ಲಿ ಹೇಳುತ್ತಿಲ್ಲ.

ಆ ದಿನ ಸಂಜೆ ಯಶೋದಾಳಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ನಗುತ್ತಾಳೆಂದುಕೊಂಡರೆ ಅವಳ ಸ್ವರ ಸಣ್ಣಗಿತ್ತು. "ನೀವು ಹೋದ ಮೇಲೆ ಇಲ್ಲಿ ನನ್ನ ಕೈಗೆ ಫ್ಲಾಸ್ಕ್ ಕೊಟ್ಟಿದ್ದಾರೆ ಮಾರಾಯ್ತಿ. ಅದನ್ನು ಅಲ್ಲಾಡಿಸುವುದು ಹೇಗೆ?"

ಕೊನೆಗೂ ನನಗೆ ಗೊತ್ತಿರುವ ಪ್ರಶ್ನೆ! ಮಣಿಕಟ್ಟು ಎಲ್ಲಿಂದ ತಿರುಗಬೇಕು, ಎಷ್ಟು ಜೋರು, ಎಲ್ಲವನ್ನೂ ಉತ್ಸಾಹದಿಂದ ವಿವರಿಸಿದೆ.

"ಏನು, ನಿನ್ನ ಸ್ವರ ಒಮ್ಮೆ ಹತ್ತಿರ, ಒಮ್ಮೆ ದೂರ ಕೇಳ್ತದೆ? ಅಲ್ಲಿ ನೆಟ್‌ವರ್ಕ್ ಇಲ್ವಾ?" ಎಂದು ಕೇಳಿದಳು.

ನೆಟ್‌ವರ್ಕ್ ಇತ್ತು. ಫೋನ್ ನನ್ನ ಬಲಗೈಯಲ್ಲಿತ್ತು.