ಕೆಂಪು ವಸ್ತ್ರದ ಗಂಟು

ಇಂಗ್ಲಿಷ್ ಮೇಷ್ಟ್ರು ರೇಣುಕಯ್ಯನ ಊಟ ನಿದ್ದೆ ಎರಡನ್ನೂ ಕೆಡಿಸಿದ್ದು ಒಂದು ಪದ: ಇಂಟ್ರೀಗ್. ಸೋಮವಾರ ಇನ್ಸ್‌ಪೆಕ್ಟರ್ ಸಾಹೇಬರು ಮಧುಗಿರಿಯ ಶಾಲೆಗೆ ಬಂದು ಅವನ ಪಾಠ ಕೇಳುವವರಿದ್ದರು. ಮೆಚ್ಚಿದರೆ ಕೆಲಸ ಖಾಯಂ. ಇಲ್ಲದಿದ್ದರೆ ಪಾವಗಡದ ಅಣ್ಣನ ಮನೆಯ ಜಗಲಿಯೇ ಗತಿ. ಆ ಪಾಠದ ನಟ್ಟನಡುವೆ ಈ ಪದ ದಾರಿಗಡ್ಡ ಮಲಗಿದ ಎಮ್ಮೆಯಂತೆ ಏಳಲೊಲ್ಲದೆ ಕೂತಿತ್ತು.

ಆ ಬೀದಿಯಲ್ಲಿ ಡಿಕ್ಷನರಿ ಇದ್ದದ್ದು ವಕೀಲ ನಾಗಲಿಂಗಯ್ಯನವರ ಮನೆಯಲ್ಲಿ ಮಾತ್ರ. ಇಂಗ್ಲಿಷ್ ಮೇಷ್ಟ್ರಿಗೇ ಇಂಗ್ಲಿಷ್ ಬಾರದೆಂದು ಊರಿಗೆ ತಿಳಿದರೆ ಮಾನ ಉಳಿದೀತೆ? ಭಾನುವಾರ ಬೆಳಿಗ್ಗೆ ರೇಣುಕಯ್ಯ ಅವರ ಹಿತ್ತಲ ಬಾಗಿಲಿಗೆ ಹೋಗಿ ಮೆಲ್ಲಗೆ ಕೆಮ್ಮಿದ.

ವಕೀಲರ ಮಗಳು ಇಂದ್ರಮ್ಮ ಕದ ತೆರೆದಳು. ಅವಳನ್ನು ಕಂಡಾಗಲೆಲ್ಲ ರೇಣುಕಯ್ಯನಿಗೆ ಕನ್ನಡವೂ ಮರೆತುಹೋಗುತ್ತಿತ್ತು. ಹೇಗೋ ತಡವರಿಸಿ, ಬೇಕಾದ ಪದವನ್ನೂ ತನ್ನ ಸಂಕಟವನ್ನೂ ಹೇಳಿಕೊಂಡ. ಅವಳು ಒಳಗೆ ಹೋಗಿ ಬಹಳ ಹೊತ್ತಿನ ಮೇಲೆ ಕೆಂಪು ವಸ್ತ್ರದಲ್ಲಿ ಬಿಗಿದ ಭಾರವಾದ ಗಂಟೊಂದನ್ನು ತಂದಳು.

"ಯಾರಿಗೂ ಕಾಣದಿರಲಿ ಅಂತ ಕಟ್ಟಿದೀನಿ. ಹಿತ್ತಲಲ್ಲಿ ನಾಯಿ ಬಿಟ್ಟಿದಾರೆ, ಬೀದಿ ಕಡೆಯಿಂದ ಹೋಗಿ ಮೇಷ್ಟ್ರೇ."

ಎಂಥ ಒಳ್ಳೆಯ ಹುಡುಗಿ ಎಂದುಕೊಂಡು ರೇಣುಕಯ್ಯ ಬೀದಿಗಿಳಿದ.

ಎದುರು ಮನೆಯ ಸಿದ್ದಗಂಗಮ್ಮ ಮೊರ ಹಿಡಿದು ಅಕ್ಕಿ ಆರಿಸುತ್ತಿದ್ದಳು. ಆ ಬೀದಿಯಲ್ಲಿ ಹೆಣ್ಣಿನ ಮನೆಯ ತಾಂಬೂಲವನ್ನು ಕೆಂಪು ವಸ್ತ್ರದಲ್ಲಿ ಕಟ್ಟಿ ಕೊಡುವುದು ವಾಡಿಕೆ. ಗಂಡು ಅದನ್ನು ನಾಲ್ಕು ಜನರೆದುರು ಕೈಯಾರೆ ಹೊತ್ತು ತಂದರೆ ಸಂಬಂಧ ಒಪ್ಪಿದ ಹಾಗೆ. ಹೊರಗಿನಿಂದ ಬಂದ ಮೇಷ್ಟ್ರಿಗೆ ಇದು ಗೊತ್ತಿರಲಿಲ್ಲ.

"ಬಗಲಲ್ಲಿ ಅದೇನು ಗಂಟು ಮೇಷ್ಟ್ರೇ?"

"ಏನಿಲ್ಲ ಕಣಮ್ಮ," ಎಂದ ರೇಣುಕಯ್ಯನ ಮುಖ ಗಂಟಿಗಿಂತ ಕೆಂಪಾಯಿತು. ಸಿದ್ದಗಂಗಮ್ಮನಿಗೆ ಬೇರೆ ಸಾಕ್ಷಿ ಬೇಕಾಗಲಿಲ್ಲ.

ಅವನು ಮನೆ ಸೇರಿ ಗಂಟಿಗೆ ಕೈಹಾಕುವಷ್ಟರಲ್ಲಿ ಜವಳಿ ಅಂಗಡಿಯ ಮುದ್ದಣ್ಣ ಜರಿ ಪಂಚೆಗಳ ಹೊರೆ ಹೊತ್ತು ಬಂದ. "ನಾವೇನ್ ಕೇಳಕಿಲ್ಲ ಬುಡಿ. ಇಂಥ ಮಾತು ಮೊದ್ಲೇ ಬಾಯಿಬುಟ್ರೆ ದೃಷ್ಟಿ ಆಯ್ತದೆ. ಸುಮ್ಕೆ ಒಂದು ಪಂಚೆ ನೋಡಿ."

ಹಿಂದೆಯೇ ಸಿದ್ದಗಂಗಮ್ಮ ನಾಲ್ಕು ಹೆಂಗಸರೊಂದಿಗೆ ಬಂದು ಜಗಲಿ ಹಿಡಿದಳು. ಯಾರೂ ಏನೂ ಕೇಳಲಿಲ್ಲ. ಎಲ್ಲರೂ ಗಂಟನ್ನೇ ನೋಡುತ್ತ, ಓಲಗದವರನ್ನು ಶಿರಾದಿಂದ ಕರೆಸುವುದೋ ಕೊರಟಗೆರೆಯಿಂದಲೋ ಎಂದು ಪಿಸುಗುಟ್ಟತೊಡಗಿದರು.

ರೇಣುಕಯ್ಯನಿಗೆ ಆಗ ವಿಷಯ ಹೊಳೆಯಿತು. ಗಂಟು ಬಿಚ್ಚಿ ತೋರಿಸಿದರೆ ಮದುವೆಯ ಸುದ್ದಿ ಸಾಯುತ್ತದೆ, ಜೊತೆಗೆ ಮೇಷ್ಟ್ರ ಮಾನವೂ. ಬಿಚ್ಚದಿದ್ದರೆ ಪಾಪ, ಆ ಹುಡುಗಿಯ ಹೆಸರು ಕೆಡುತ್ತದೆ. ಸಂಜೆಯವರೆಗೂ ಗಂಟನ್ನು ಮಡಿಲಲ್ಲಿಟ್ಟುಕೊಂಡು ಬಾಣಂತಿಯಂತೆ ಕೂತಿದ್ದ. ಕೊನೆಗೆ ಸಿದ್ದಗಂಗಮ್ಮ ಎದ್ದು, "ವಕೀಲ್ರಿಗೊಂದು ಮಾತು ಏಳ್ಬುಟ್ಟು ಬತ್ತೀನಿ," ಎಂದಾಗ ಅವನು ಗಂಟನ್ನು ಬಗಲಿಗೇರಿಸಿ ಹಿಂಬಾಗಿಲಿಂದ ಜಾರಿದ. ಹೊಲಮಾಳದ ಅಡ್ಡದಾರಿ ಹಿಡಿದು ಅವಳಿಗಿಂತ ಮೊದಲೇ ವಕೀಲರ ಹಿತ್ತಲಿಗೆ ಓಡಿದ. ಅಲ್ಲಿ ಯಾವ ನಾಯಿಯೂ ಇರಲಿಲ್ಲ.

"ತೊಗೊಳ್ಳಿ ನಿಮ್ಮ ಡಿಕ್ಷನರಿ," ಎಂದು ಏದುಸಿರುಬಿಟ್ಟ. "ಬಿಚ್ಚೋಕೂ ಆಗಲಿಲ್ಲ. ನನ್ನಿಂದ ನಿಮಗೆ ಕೆಟ್ಟ ಹೆಸರು ಬಂತು."

"ಬಿಚ್ಚಲೇ ಇಲ್ವಾ?" ಇಂದ್ರಮ್ಮ ಬಾಗಿಲ ಮರೆಯಲ್ಲೇ ನಿಂತು ಕೈಚಾಚಿ ಗಂಟು ಸಡಿಲಿಸಿದಳು.

ಒಳಗಿದ್ದದ್ದು ಹಿತ್ತಾಳೆಯ ಎಲೆಅಡಿಕೆ ಪೆಟ್ಟಿಗೆ. ಅದರ ತುಂಬ ಎಳೆ ವೀಳ್ಯದೆಲೆ, ಅಡಿಕೆ, ಕೊಬ್ಬರಿ, ಅರಿಶಿನದ ಕೊಂಬು.

ರೇಣುಕಯ್ಯ ಒಂದು ಅಡಿಕೆ ಎತ್ತಿ ತಿರುಗಿಸಿ ನೋಡಿದ. ಹೆದರಿಕೆಯೊಳಗಿಂದಲೇ ಒಂದು ಸಂತೋಷ ಮೆಲ್ಲಗೆ ತಲೆಯೆತ್ತಿತು.

"ನೀವಾಗಿ ಹೆಣ್ಣು ಕೇಳೋ ಹೊತ್ತಿಗೆ ನನಗೆ ಮುಪ್ಪು ಬರ್ತಿತ್ತು," ಎಂದಳು ಇಂದ್ರಮ್ಮ. "ಪೆಟ್ಟಿಗೆ ತುಂಬಿದ್ದು ಅಮ್ಮ. ಒಳಗಿನಿಂದ ಹೂಂ ಅಂದಿದ್ದು ಅಪ್ಪಾಜಿ."

"ಮತ್ತೆ... ಆ ಪದ?"

"ಕಟ್ಟೋಕೆ ಮುಂಚೆ ನೋಡಿದೆ. ಕುತೂಹಲ ಕೆರಳಿಸೋದು ಅಂತ ಒಂದರ್ಥ. ಒಳಸಂಚು ಮಾಡೋದು ಅಂತ ಇನ್ನೊಂದು. ಎರಡಕ್ಕೂ ಉದಾಹರಣೆ ಬೇಕಾ?"

"ಬೇಡ," ಎಂದ ರೇಣುಕಯ್ಯ ತಕ್ಷಣ ಕೈಚಾಚಿದ. "ನಾಳೆ ಸಾಹೇಬರು ಇನ್ನೊಂದು ಪದ ಕೇಳಿದ್ರೆ ನನ್ನ ಗತಿ? ಈಗಲಾದ್ರೂ ಡಿಕ್ಷನರಿ ಕೊಡಿ."

ಇಂದ್ರಮ್ಮ ಗಂಟನ್ನು ಮತ್ತೆ ಬಿಗಿದು ಅವನ ಕೈಗೇ ಇಟ್ಟಳು.

"ಅದು ನನ್ನ ಜೊತೇಲೇ ಬರ್ತದೆ ಮೇಷ್ಟ್ರೇ. ಬೇಗ ಓಲಗದವರಿಗೆ ಹೇಳಿ."